ಹಾಲ್ ಬೇಕೋ, ಹಾಲು ಬೇಕೋ? ಕನ್ನಡದಲ್ಲಿ ಇಂಗ್ಲಿಷ್ ಪದ ಬರೆಯುವವರಿಗೆ

ಕುವೆಂಪುನಗರದಲ್ಲಿ ಹೊಲಿಗೆ ಅಂಗಡಿ ತೆರೆಯಲು ಹೊರಟ ಹೆಂಗಸೊಬ್ಬರು ಒಂದು ಹಾಳೆ ಹಿಡಿದು ನನ್ನ ಹತ್ತಿರ ಬಂದರು. ಬೋರ್ಡ್ ಬರೆಯುವವನು ಕೊಟ್ಟ ಮಾದರಿ ಅದು. ಅದರಲ್ಲಿ ‘ಲೇಡಿಸ್ ಟೇಲರ್ಸ್’ ಎಂದಿತ್ತು. ಮಗಳು ಕೆಂಪು ಪೆನ್ನಿನಲ್ಲಿ ‘ಲೇಡೀಸ್ ಟೈಲರ್’ ಎಂದು ತಿದ್ದಿದ್ದಳು. ಯಜಮಾನರು ಪಕ್ಕದಲ್ಲೇ ‘ಟೈಲರು’ ಎಂದು ಗೀಚಿದ್ದರು. “ಮೂರರಲ್ಲಿ ಯಾವುದು ಸರಿ ಸಾರ್? ಒಂದೊಂದು ಅಕ್ಷರಕ್ಕೂ ದುಡ್ಡು ಕೇಳ್ತಾರೆ. ಮೇಲೆ ಹತ್ತಿಸಿದ ಮೇಲೆ ಇಳಿಸೋಕಾಗಲ್ಲ” ಅಂದರು.

ಅದೇ ವಾರ ಪಾಂಡವಪುರದ ಕಡೆ ಆಲೆಮನೆ ನಡೆಸುವ ಹುಡುಗನೊಬ್ಬ ಫೋನ್ ಮಾಡಿದ. ಬೆಲ್ಲದ ಪೊಟ್ಟಣದ ಮೇಲೆ ‘ಆರ್ಗ್ಯಾನಿಕ್’ ಹಾಕಲೋ ‘ಆರ್ಗಾನಿಕ್’ ಹಾಕಲೋ ಅಂತ. ಮತ್ತೊಬ್ಬಳು ಮಾನಸಗಂಗೋತ್ರಿಯ ವಿದ್ಯಾರ್ಥಿನಿ, ಕತೆ ಬರೆಯುತ್ತಾಳೆ. ಅವಳ ಕತೆಯೊಳಗೆ ಒಂದು ಪುಟದಲ್ಲಿ ‘ಬಸ್‌ಗೆ’ ಕಾಯುತ್ತಿದ್ದವಳು ಮುಂದಿನ ಪುಟದಲ್ಲಿ ‘ಬಸ್ಸಿಗೆ’ ಹತ್ತುತ್ತಿದ್ದಳು. ಯಾರೋ ಅದನ್ನು ಎತ್ತಿ ತೋರಿಸಿದ್ದರು, ಅವಳಿಗೆ ಅಳುವೇ ಬಂದಿತ್ತು.

ಮೈಸೂರಿನ ಮುದ್ರಣಾಲಯಗಳಲ್ಲಿ ಕರಡು ತಿದ್ದುತ್ತಲೇ ತಲೆ ಬೆಳ್ಳಗಾದವನು ನಾನು. ಮೊಳೆ ಜೋಡಿಸುವ ಕಾಲದಲ್ಲೂ ಇದೇ ಪ್ರಶ್ನೆ ಬರುತ್ತಿತ್ತು, ಈಗ ಫೋನಿನಲ್ಲಿ ಬೆರಳಾಡಿಸುವ ಕಾಲದಲ್ಲೂ ಇದೇ. ಈ ಮೂವರಿಗೂ ಒಂದೇ ಉತ್ತರ ಕೊಟ್ಟಿದ್ದರೆ ಮೂವರಿಗೂ ಮೋಸವಾಗುತ್ತಿತ್ತು. ಬೋರ್ಡಿಗೆ ಒಪ್ಪುವುದು ಕತೆಗೆ ಒಪ್ಪುವುದಿಲ್ಲ, ಕತೆಗೆ ಒಪ್ಪುವುದು ಪೊಟ್ಟಣದ ಮೇಲೆ ಹಿಡಿಸುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನವರಿಗೂ ಈ ಜಗಳ ಇದೆ. ಬಣ್ಣಕ್ಕೆ ಅವರಲ್ಲಿರುವ ಪದದ ಒಳಗೆ ‘ಯು’ ಎಂಬ ಅಕ್ಷರ ಇರಬೇಕು ಎಂದು ಬ್ರಿಟನ್ನಿನವರು, ಬೇಡ ಎಂದು ಅಮೆರಿಕದವರು. ಲಂಡನ್ನಿನಲ್ಲಿ 1755ರಲ್ಲಿ ಬಂದ ಜಾನ್ಸನ್ನನ ನಿಘಂಟು ಅದನ್ನು ಇಟ್ಟುಕೊಂಡಿತು. ಅಮೆರಿಕದ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ಕಿತ್ತುಹಾಕಿದ. ನಮಗೆ ಈ ಜಗಳ ಮುಟ್ಟುವುದೇ ಇಲ್ಲ. ಎರಡೂ ನಮ್ಮಲ್ಲಿ ‘ಕಲರ್’. ಅವರ ಜಗಳ ಕಣ್ಣಿನದು, ನಮ್ಮದು ಕಿವಿಯದು. ಕೇಳಿಸಿದ್ದನ್ನು ಬರೆಯುವ ಲಿಪಿ ನಮ್ಮದು, ಒಬ್ಬೊಬ್ಬರ ಕಿವಿಗೆ ಒಂದೊಂದು ಥರ ಕೇಳಿಸಿದಾಗ ಕಾಗುಣಿತವೂ ಒಂದೊಂದು ಥರ ಆಗುತ್ತದೆ. ಅವರ ‘ಟೈರ್’ ನಮ್ಮಲ್ಲಿ ಟೈರು, ಟಯರು. ಅವರ ‘ಥಿಯೇಟರ್’ ನಮ್ಮಲ್ಲಿ ಥಿಯೇಟರ್, ತಿಯೇಟರ್, ಥೇಟರು. ಅಷ್ಟೇಕೆ, ಅವರ ಭಾಷೆಯ ಹೆಸರನ್ನೇ ನಾವು ಇಂಗ್ಲಿಷ್, ಇಂಗ್ಲೀಷ್, ಇಂಗ್ಲಿಶ್ ಎಂದು ಮೂರು ಥರ ಬರೆಯುತ್ತೇವೆ. ನಾನು ಮೊದಲನೆಯದರ ಕಡೆ. ‘ಗ್ಲೀ’ ಎಂದು ಯಾರೂ ಎಳೆಯುವುದಿಲ್ಲವಲ್ಲ.

ಅಳೆಯುವುದು ಹೇಗೆ

ಪದ ಕೈಗೆ ಬಂದಾಗ ನಾನು ಮೊದಲು ನೋಡುವುದು ರೂಢಿ. ‘ಕಾಲೇಜು’ ತೆಗೆದುಕೊಳ್ಳಿ. ಇಂಗ್ಲಿಷಿನವರ ಬಾಯಲ್ಲಿ ಅಲ್ಲಿ ‘ಲೇ’ ಇಲ್ಲವೇ ಇಲ್ಲ, ‘ಲಿ’ ಇದೆ. ಆದರೆ ಮಹಾರಾಜ ಕಾಲೇಜು, ಯುವರಾಜ ಕಾಲೇಜು ಎಂದು ತಲೆಮಾರುಗಳಿಂದ ಬರೆದಾಗಿದೆ. ಈಗ ‘ಕಾಲಿಜ್’ ಎಂದು ತಿದ್ದಲು ಹೊರಟರೆ ಜನ ನಿಮ್ಮನ್ನೇ ತಿದ್ದುತ್ತಾರೆ. ರೂಢಿ ಗಟ್ಟಿಯಾಗಿದ್ದ ಕಡೆ ಉಚ್ಚಾರದ ವಾದ ನಿಲ್ಲುವುದಿಲ್ಲ.

ಎರಡನೆಯದು ವಿಭಕ್ತಿ. ಪದವನ್ನು ಒಂಟಿಯಾಗಿ ನೋಡಬೇಡಿ, ‘ಗೆ’, ‘ಅಲ್ಲಿ’, ‘ಇಂದ’ ಹತ್ತಿಸಿ ಗಟ್ಟಿಯಾಗಿ ಓದಿ. ಬೋರ್ಡಿನ ಮೇಲೆ ಪದ ಒಂಟಿ, ವಾಕ್ಯದೊಳಗೆ ಅದಕ್ಕೆ ಬಾಲ ಇದ್ದೇ ಇರುತ್ತದೆ. ಮೂರನೆಯದು, ಆ ರೂಪ ನಮ್ಮದೇ ಇನ್ನೊಂದು ಪದಕ್ಕೆ ಢಿಕ್ಕಿ ಹೊಡೆಯುತ್ತದೆಯೇ ಎಂಬುದು. ಮುಜುಗರ ಆಗುವುದು ಇಲ್ಲೇ. ಉಳಿದವು ಎರಡು: ಓದುವವರು ಯಾರು, ತಪ್ಪಾದರೆ ತಿದ್ದುವುದಕ್ಕೆ ಎಷ್ಟು ಖರ್ಚು. ಬಟ್ಟೆಯ ಬ್ಯಾನರಿನಲ್ಲಿ ತಪ್ಪಿದರೆ ಇನ್ನೊಂದು ಬರೆಸಬಹುದು. ಗೋಡೆಗೆ ಜಡಿದ ಸ್ಟೀಲ್ ಅಕ್ಷರದಲ್ಲಿ ತಪ್ಪಿದರೆ ಅಂಗಡಿ ಇರುವವರೆಗೂ ಅದು ಇರುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಮುಖ್ಯವಾಗಿ ನಾಲ್ಕು.

ಬರಿಯ ವ್ಯಂಜನಕ್ಕೆ ನಿಲ್ಲಿಸುವುದು: ಬಸ್, ಬ್ಯಾಂಕ್, ಹೋಟೆಲ್

ಪತ್ರಿಕೆಗಳಲ್ಲಿ, ಬೋರ್ಡುಗಳಲ್ಲಿ, ಅರ್ಜಿಗಳಲ್ಲಿ ಹೆಚ್ಚಾಗಿ ಕಾಣುವ ರೂಪ ಇದು. ಚುಟುಕು, ಅಚ್ಚುಕಟ್ಟು, ಜಾಗ ಕಡಿಮೆ. ಪದ ಒಂಟಿಯಾಗಿರುವ ಕಡೆಯೆಲ್ಲ ಇದನ್ನು ಕಣ್ಣುಮುಚ್ಚಿ ಆರಿಸಬಹುದು.

ತೊಂದರೆ ಶುರುವಾಗುವುದು ಬಾಲ ಹತ್ತಿದಾಗ. ‘ಬ್ಯಾಂಕ್‌ಗೆ’ ಎಂದು ಬರೆಯಬೇಕಾದರೆ ‘ಕ್’ ಮತ್ತು ‘ಗೆ’ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು, ಅವೆರಡೂ ಅಂಟಿಕೊಳ್ಳದಂತೆ ತಡೆಯುವ ಗುರುತು. ಅದು ಬಿದ್ದುಹೋದರೆ ‘ಬ್ಯಾಂಕ್ಗೆ’ ಆಗಿ, ‘ಗ’ ಎನ್ನುವುದು ‘ಕ’ದ ಕಾಲಕೆಳಗೆ ಒತ್ತಾಗಿ ಕೂರುತ್ತದೆ. ನನಗೇ ಒಮ್ಮೆ ಆಗಿದೆ. ಸಹಕಾರ ಸಂಘವೊಂದರ ವಾರ್ಷಿಕ ವರದಿ. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಬರಹವನ್ನು ಪುಟ ಕಟ್ಟುವ ತಂತ್ರಾಂಶಕ್ಕೆ ಸುರಿದೆವು, ದಾರಿಯಲ್ಲಿ ಆ ಗುರುತುಗಳೆಲ್ಲ ಉದುರಿಹೋದವು. ‘ಬ್ಯಾಂಕ್ಗೆ’, ‘ಲೋನ್ಗೆ’, ‘ಆಡಿಟ್ನಲ್ಲಿ’. ಅಚ್ಚಾಗಿ ಬಂದ ಮೇಲೆ ನೋಡಿದೆ. ಪ್ರತಿ ಪುಟದಲ್ಲೂ ಒತ್ತಕ್ಷರದ ಮೆರವಣಿಗೆ. ಆ ಬಾರಿ ಕೂಲಿ ಕೇಳಲು ನನಗೆ ಮುಖವೇ ಇರಲಿಲ್ಲ.

ಈ ಕಾಣದ ಗುರುತಿನ ಕಾಟ ಇನ್ನೊಂದು ಕಡೆಯೂ ಇದೆ. ‘ರ‍್ಯಾಂಕ್’ ಎಂದು ‘ರ’ಕ್ಕೆ ಯಕಾರದ ಒತ್ತು ಕೊಟ್ಟು ಬರೆಯುವುದು ಒಂದು ಬಗೆ, ‘ರ್ಯಾಂಕ್’ ಎಂದು ಅರ್ಕಾವೊತ್ತಿನಲ್ಲಿ ಬರೆಯುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಒಳಗೊಂದು ಗುರುತು ಬೇಕು, ಎರಡನೆಯದಕ್ಕೆ ಬೇಡ. ಓದುವವನಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಟ್ಯೂಷನ್ ಕೇಂದ್ರದವರು ತಮ್ಮ ‘ರ‍್ಯಾಂಕ್’ ಯಾರ ಹುಡುಕಾಟಕ್ಕೂ ಸಿಗುತ್ತಿಲ್ಲ ಎಂದು ಗೋಳಾಡಿದರೆ ಮೊದಲು ಇದನ್ನು ನೋಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕೂರಿಸಿದ ಬರಹದ ಕತೆ ಇನ್ನೂ ಬೇರೆ, ಅದನ್ನು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ತರದ ಹೊರತು ಹುಡುಕಾಟಕ್ಕೆ ಅದು ಕನ್ನಡವೇ ಅಲ್ಲ.

ಉಕಾರ ಹಚ್ಚುವುದು: ಬಸ್ಸು, ಬ್ಯಾಂಕು, ಪೆನ್ನು

ನನ್ನ ಮನಸ್ಸು ಇರುವುದು ಇಲ್ಲಿ, ಮುಚ್ಚಿಡುವುದಿಲ್ಲ. ಇದನ್ನು ಹಳ್ಳಿಗರ ಉಚ್ಚಾರ, ಇಂಗ್ಲಿಷ್ ಬಾರದವರ ಬರವಣಿಗೆ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಒಂದು ವಿಷಯ ಜ್ಞಾಪಿಸಬೇಕು.

ಹಳಗನ್ನಡದಲ್ಲಿ ನಮ್ಮ ಪದಗಳೇ ವ್ಯಂಜನಕ್ಕೆ ನಿಲ್ಲುತ್ತಿದ್ದವು. ಕಣ್, ಕಲ್, ಬಿಲ್, ಕಾಲ್, ಪಾಲ್, ಊರ್, ತೇರ್, ಮುಗಿಲ್. ಕಾಲ ಕಳೆದಂತೆ ಕನ್ನಡದ ಬಾಯಿ ಕೊನೆಗೊಂದು ಉಕಾರ ಬೇಕು ಎಂದಿತು. ಕಣ್ಣು, ಕಲ್ಲು, ಬಿಲ್ಲು, ಕಾಲು, ಹಾಲು, ಊರು, ತೇರು, ಮುಗಿಲು. ಇಲ್ಲೊಂದು ಲೆಕ್ಕ ನೋಡಿ. ಒಂದೇ ಹ್ರಸ್ವ ಸ್ವರವಿದ್ದ ಪುಟ್ಟ ಪದವಾದರೆ ಕೊನೆಯ ವ್ಯಂಜನ ಇಮ್ಮಡಿಸಿತು: ಕಣ್ಣು, ಕಲ್ಲು. ಸ್ವರ ದೀರ್ಘವಾದರೆ ಇಮ್ಮಡಿಸಲಿಲ್ಲ: ಕಾಲು, ತೇರು.

ಈಗ ಇಂಗ್ಲಿಷ್ ಪದಗಳನ್ನು ಇದೇ ಗಾಣಕ್ಕೆ ಹಾಕಿ. ಪೆನ್ ಎಂಬುದು ಕಣ್ಣಿನಂತೆ ಪೆನ್ನು. ಮಿಲ್ ಎಂಬುದು ಕಲ್ಲಿನಂತೆ ಮಿಲ್ಲು. ಬಸ್ಸು, ಬುಕ್ಕು, ಚೆಕ್ಕು ಎಲ್ಲ ಹೀಗೇ. ಕಾರ್ ಎಂಬುದು ತೇರಿನಂತೆ ಕಾರು, ‘ಕಾರ್ರು’ ಅಲ್ಲ. ರೋಡು, ಲೈಟು, ಬ್ಯಾಗು, ರೇಟು. ಯಾವ ಸಮಿತಿಯೂ ಕೂತು ಇದನ್ನು ನಿರ್ಣಯಿಸಲಿಲ್ಲ. ಹಾಲು ಕರೆಯುವವರು, ಜಟಕಾ ಹೊಡೆಯುವವರು ಸಾವಿರ ವರ್ಷದ ಹಿಂದಿನ ನಿಯಮವನ್ನು ಗೊತ್ತಿಲ್ಲದೆಯೇ ನಡೆಸಿಕೊಂಡು ಬಂದರು. ಎರಡು ಮೂರು ಅಕ್ಷರದ ಪದಗಳಲ್ಲಿ ಮಾತ್ರ ನಿಯಮ ಸ್ವಲ್ಪ ಕೈಕೊಡುತ್ತದೆ. ಪೆನ್ಸಿಲಿಗೆ ಒಂದೇ ‘ಲ’ ಸಾಕು, ಸ್ಟೇಷನ್ನಿಗೆ ಎರಡು ‘ನ’ ಬೇಕು ಅನಿಸುತ್ತದೆ. ಅಲ್ಲಿ ನಿಮ್ಮ ಬಾಯಿ ಹೇಳಿದಂತೆ ಬರೆಯಿರಿ.

ನಮ್ಮ ಊರಿನ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ‘ಮೈಸೂರ್’ ಎಂದು ಕತ್ತರಿಸಿ ಬರೆಯುತ್ತಿದ್ದುದಕ್ಕೆ 2014ರ ನವೆಂಬರ್ 1ರಂದು ಅಧಿಕೃತವಾಗಿ ‘ಉ’ ಸೇರಿತು. ನಮ್ಮ ಪದದ ಬಾಲ ಕತ್ತರಿಸಬೇಡಿ ಎಂದು ಇಂಗ್ಲಿಷಿಗೆ ಹೇಳಿದ ನಾವು, ಇಂಗ್ಲಿಷಿನ ಪದ ನಮ್ಮ ಮನೆಗೆ ಬಂದಾಗ ಉಕಾರ ಹಚ್ಚಲು ನಾಚುವುದು ಯಾತಕ್ಕೆ? ಇನ್ನೂ ತಮಾಷೆ ಎಂದರೆ ಸಿಹಿ ಅಂಗಡಿಗಳ ಬೋರ್ಡು. ‘ಪಾಕ’ ನಮ್ಮಲ್ಲಿ ಮೊದಲಿಂದ ಇರುವ ಪದ. ಅದನ್ನು ‘ಮೈಸೂರ್ ಪಾಕ್’ ಎಂದು ಎರಡೂ ಕಡೆ ಬಾಲ ಕೊಯ್ದು ನೇತುಹಾಕಿರುತ್ತಾರೆ.

ವಿಭಕ್ತಿಯ ಪರೀಕ್ಷೆಯಲ್ಲಿ ಈ ದಾರಿಗೆ ಪೂರ್ತಿ ಅಂಕ. ಬಸ್ಸಿಗೆ, ಬ್ಯಾಂಕಿನಲ್ಲಿ, ಆಫೀಸಿನಿಂದ. ಕಾಣದ ಗುರುತು ಬೇಡ, ನಾಲಿಗೆ ತಡವರಿಸುವುದಿಲ್ಲ. ಕತೆ ಬರೆಯುವ ಹುಡುಗಿಗೆ ನಾನು ಹೇಳಿದ್ದು ಇದನ್ನೇ. ವಾಕ್ಯದೊಳಗೆ ಬಸ್ಸಿಗೆ, ಬಸ್ಸಿನಿಂದ ಎಂದೇ ಬರೆ, ಪಾತ್ರ ಬೋರ್ಡ್ ಓದುವಾಗ ಮಾತ್ರ ‘ಬಸ್’ ಇರಲಿ.

ಆದರೆ ಈ ದಾರಿಯಲ್ಲಿ ಒಂದು ಗುಂಡಿ ಇದೆ. ಹಳಗನ್ನಡದ ಬಿಲ್, ಕಾಲ್, ಪಾಲ್ ಹೋದ ದಾರಿಯಲ್ಲೇ ಇಂಗ್ಲಿಷಿನ ಬಿಲ್, ಕಾಲ್, ಹಾಲ್ ಕೂಡ ಹೋಗುತ್ತವೆ, ಹೋಗಿ ಅದೇ ಮನೆಯ ಬಾಗಿಲು ತಟ್ಟುತ್ತವೆ. ‘ಬಿಲ್ಲು ಕೊಡಿ’ ಅಂದರೆ ಬಾಣ ಎಲ್ಲಿ ಎಂದು ಕೇಳಬಹುದು. ‘ಕಾಲಿಗೆ ಉತ್ತರಿಸಲಿಲ್ಲ’ ಎಂಬ ವಾಕ್ಯ ಕಣ್ಣಮುಂದೆ ಏನೇನೋ ತರುತ್ತದೆ. ಕಲ್ಯಾಣ ಮಂಟಪವೊಂದರಲ್ಲಿ ಬಾಣದ ಗುರುತಿನೊಂದಿಗೆ ‘ಊಟದ ಹಾಲಿಗೆ ದಾರಿ’ ಎಂದು ಹಾಕಿದ್ದರು. ನನ್ನ ಪಕ್ಕ ನಿಂತಿದ್ದ ಮದ್ದೂರಿನ ಹಿರಿಯರೊಬ್ಬರು “ಮಜ್ಜಿಗೆಗೆ ಯಾವ ಕಡೆ ಹೋಗ್ಬೇಕಪ್ಪ?” ಅಂದರು. ‘ಕಪ್’ ಕೂಡ ಹೀಗೇ. ‘ಕಪ್ಪು ಗೆದ್ದರು’ ಅಂದರೆ ಬಣ್ಣವೋ ಬಹುಮಾನವೋ? ಇಂಥ ಪದಗಳು ಬೆರಳೆಣಿಕೆಯಷ್ಟೇ. ಇವಕ್ಕೆ ಮಾತ್ರ ಉಕಾರ ಬಿಟ್ಟು ‘ಬಿಲ್‌’, ‘ಕಾಲ್‌’, ‘ಹಾಲ್‌’ ಎಂದೇ ಇಡಿ, ಬಾಲ ಹಚ್ಚುವಾಗ ‘ಹಾಲ್‌ಗೆ’ ಎಂದು ಬಿಡಿಸಿ ಬರೆಯಿರಿ. ಇಲ್ಲವೇ ಊಟದ ಮನೆ, ಕರೆ, ಬಟ್ಟಲು ಎಂಬ ನಮ್ಮ ಪದಗಳು ಇದ್ದೇ ಇವೆ.

ಮನುಷ್ಯರನ್ನು ಹೇಳುವ ಪದಗಳಲ್ಲಿ ಇನ್ನೊಂದು ಸೂಕ್ಷ್ಮ. ಡಾಕ್ಟರ್, ಡ್ರೈವರ್, ಕಂಡಕ್ಟರ್ ಎಂದು ಇಂಗ್ಲಿಷಿನವರು ಹೇಳಿದ್ದರಲ್ಲಿ ಕನ್ನಡದ ಕಿವಿಗೆ ನಮ್ಮ ಗೌರವದ ‘ಅರು’ ಕೇಳಿಸಿತು. ‘ಡಾಕ್ಟರು ಬಂದರು’, ‘ಡ್ರೈವರು ಹೇಳಿದರು’. ಹಾಗಾಗಿ ‘ಟೈಲರು’ ಅಂದರೆ ಆ ವ್ಯಕ್ತಿ, ಮರ್ಯಾದೆಯಿಂದ. ಅಂಗಡಿಯಲ್ಲ. ಹೊಲಿಗೆಯವರ ಯಜಮಾನರು ಬರೆದದ್ದು ತಪ್ಪಲ್ಲ, ಬೋರ್ಡಿಗೆ ಒಪ್ಪುವುದಿಲ್ಲ ಅಷ್ಟೆ.

ಊರಬಾಯಿಯ ರೂಪ: ಇಸ್ಕೂಲು, ಆಪೀಸು, ಮೇಷ್ಟ್ರು

ಮಂಡ್ಯದ ಕಡೆ ‘ಟೇಸನ್ನಿಗೆ ಹೋಗಿ ಟಿಕೀಟು ತಗಂಡು ಬಾ’ ಎಂದರೆ ಅದರ ಸೊಗಸೇ ಬೇರೆ. ಪದದ ಮೊದಲಲ್ಲೇ ಒತ್ತಕ್ಷರ ಬಂದರೆ ನಾಲಿಗೆ ಒಂದು ಮೆಟ್ಟಿಲು ಹಾಕಿಕೊಳ್ಳುತ್ತದೆ, ಸ್ಕೂಲು ಇಸ್ಕೂಲಾಗುತ್ತದೆ. ಇಲ್ಲವೇ ಮೊದಲ ಅಕ್ಷರವನ್ನೇ ಬಿಡುತ್ತದೆ, ಸ್ಟೇಷನ್ನು ಟೇಸನ್ನಾಗುತ್ತದೆ. ಕತೆ, ನಾಟಕಗಳ ಸಂಭಾಷಣೆಗೆ ಇದಕ್ಕಿಂತ ಒಳ್ಳೆಯದಿಲ್ಲ. ನಿರೂಪಣೆಯಲ್ಲಿ, ಅರ್ಜಿಯಲ್ಲಿ, ಬೋರ್ಡಿನಲ್ಲಿ ಮಾತ್ರ ಇದು ಅಣಕದಂತೆ ಕಾಣಬಹುದು, ಎಚ್ಚರ.

ಇವುಗಳಲ್ಲಿ ಕೆಲವು ದಾಟಿ ಬಂದು ಶಿಷ್ಟವೇ ಆಗಿಬಿಟ್ಟಿವೆ. ಶಾಲೆಯ ಗುರುಗಳನ್ನು ‘ಮಾಸ್ಟರ್’ ಎಂದು ಬರೆದರೆ ಹೊಲಿಗೆ ಮಾಸ್ಟರೋ ಡ್ಯಾನ್ಸ್ ಮಾಸ್ಟರೋ ಅನಿಸುತ್ತದೆ, ‘ಮೇಷ್ಟ್ರು’ ಅಂದರೆ ಸಂಶಯವೇ ಇಲ್ಲ. ಲಾಂದ್ರ ಎಂಬುದು ಇಂಗ್ಲಿಷಿನ ಲ್ಯಾಂಟರ್ನ್ ಎಂದು ಈಗ ಎಷ್ಟು ಜನಕ್ಕೆ ಹೊಳೆಯುತ್ತದೆ?

ಇಂಗ್ಲಿಷ್ ಬಾಯಿಗೆ ಹತ್ತಿರ: ಆ್ಯಪ್, ಝೂ, ಫ಼

ನಾಲ್ಕನೆಯ ದಾರಿ ಇಂಗ್ಲಿಷಿನವರು ಅಂದ ಹಾಗೇ ಬರೆಯಬೇಕು ಎನ್ನುವವರದು. ಇದು ಎಲ್ಲಕ್ಕಿಂತ ಪ್ರಯಾಸದ ದಾರಿ.

‘ಬ್ಯಾಂಕ್’, ‘ಟ್ಯಾಕ್ಸಿ’ ನಮಗೆ ಕಷ್ಟವಾಗಲಿಲ್ಲ. ಕಾರಣ ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಆ ಸ್ವರ ಮೊದಲೇ ಇತ್ತು. ಬೇಡ ಎನ್ನುವುದನ್ನು ‘ಬ್ಯಾಡ’ ಅನ್ನುತ್ತೇವೆ, ಮೇಲೆ ಎನ್ನುವುದು ‘ಮ್ಯಾಲೆ’, ಪೇಟೆ ಎನ್ನುವುದು ‘ಪ್ಯಾಟೆ’. ‘ಬ್ಯಾಂಕು ಬ್ಯಾಡ ಕಣಣ್ಣ’ ಎಂಬ ಮಾತಿನಲ್ಲಿ ಇಂಗ್ಲಿಷಿನ ಸ್ವರ, ಮಂಡ್ಯದ ಸ್ವರ ಎರಡೂ ಒಂದೇ. ಆದರೆ ಅದೇ ಸ್ವರ ಪದದ ಮೊದಲಲ್ಲಿ ಬಂದಾಗ ಹಿಡಿದುಕೊಳ್ಳಲು ವ್ಯಂಜನವಿಲ್ಲ. ಆಗ ‘ಆ’ಗೆ ಯಕಾರದ ಒತ್ತು ಕೊಟ್ಟು ‘ಆ್ಯಪ್’ ಎನ್ನುತ್ತಾರೆ. ಸ್ವರಕ್ಕೆ ಒತ್ತು ಕೊಡುವುದು ನಮ್ಮ ವರ್ಣಮಾಲೆ ಕಂಡರಿಯದ ಸಂಗತಿ. ‘ಆಪ್’ ಎಂದರೆ ಚಿಕ್ಕದಾಗಿ ಮುಗಿಯುತ್ತದೆ, ಆದರೆ ಅದು ರಾಜಕೀಯ ಪಕ್ಷದ ಹೆಸರಾಗಿಯೂ ಕೇಳಿಸುತ್ತದೆ. ನಾನು ಇಲ್ಲಿ ‘ಆ್ಯಪ್’ ಒಪ್ಪಿಕೊಂಡಿದ್ದೇನೆ. ಹಳೆಯ ಮನುಷ್ಯನಾದರೂ ಬೇರೆ ದಾರಿ ಕಾಣಲಿಲ್ಲ. ಆ್ಯಂಬುಲೆನ್ಸ್, ಅಂಬುಲೆನ್ಸ್, ಆಂಬುಲೆನ್ಸ್ ಮೂರೂ ಓಡಾಡುತ್ತಿವೆ, ರೋಗಿಗೆ ಯಾವುದಾದರೂ ಆದೀತು.

ಆಲೆಮನೆಯ ಹುಡುಗನ ‘ಆರ್ಗ್ಯಾನಿಕ್’ ಈ ಗುಂಪಿನದು. ಗಕಾರಕ್ಕೆ ಅರ್ಕಾವೊತ್ತು, ಯಕಾರದ ಒತ್ತು, ದೀರ್ಘ ಮೂರೂ ಸೇರುತ್ತವೆ. ಅರ್ಧ ಕೆಜಿ ಪೊಟ್ಟಣದ ಮೇಲೆ ಚಿಕ್ಕ ಅಕ್ಷರದಲ್ಲಿ ಅದು ಮಸಿಯ ಚುಕ್ಕೆ ಆಗುತ್ತದೆ. ಉಚ್ಚಾರಕ್ಕೆ ‘ಆರ್ಗ್ಯಾನಿಕ್’ ಹತ್ತಿರ, ಜಾಗಕ್ಕೆ ‘ಆರ್ಗಾನಿಕ್’ ವಾಸಿ. ಮಂಡ್ಯ, ಮೈಸೂರಿನ ಸಂತೆಯಲ್ಲಿ ಮಾರುವುದಾದರೆ ‘ಸಾವಯವ ಬೆಲ್ಲ’ ಎಂದು ಹಾಕು, ಓದುವವರಿಗೆ ಅದು ಚೆನ್ನಾಗಿ ಗೊತ್ತು ಅಂದೆ. ಬೆಂಗಳೂರಿನ ಮಾಲ್‌ಗೆ ಕಳಿಸುವ ಪೊಟ್ಟಣವಾದರೆ ‘ಆರ್ಗ್ಯಾನಿಕ್’, ಅಕ್ಷರ ಸ್ವಲ್ಪ ದೊಡ್ಡದು. ಅವನು ಎರಡು ಲೇಬಲ್ ಮಾಡಿಸಿದ. ಒಂದರ ದುಡ್ಡಿನಲ್ಲಿ ಮುಗಿಯಬೇಕಿದ್ದರೆ ‘ಸಾವಯವ’ವೇ ಅಗ್ಗ.

‘ಫ’ದ ಕತೆಯೂ ಕೇಳಿ. ನಮ್ಮ ‘ಫ’ ಮೂಲತಃ ‘ಪ’ದ ಮಹಾಪ್ರಾಣ, ಫಲದಲ್ಲಿ ಇರುವುದು. ಇಂಗ್ಲಿಷಿನ ತುಟಿ–ಹಲ್ಲಿನ ಸದ್ದಿಗೆ ಕೆಳಗೆ ಎರಡು ಚುಕ್ಕೆ ಇಟ್ಟು ‘ಫ಼’ ಎಂದು ಬರೆಯುವ ಏರ್ಪಾಡಿದೆ, ‘ಜ಼’ ಕೂಡ ಹಾಗೇ. ಬರೆಯುವವರು ಕಡಿಮೆ. ಇದರ ನಡುವೆ ಒಂದು ಸ್ವಾರಸ್ಯ: ಯೂನಿಕೋಡಿನ ಪಟ್ಟಿಯಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಇಂಗ್ಲಿಷಿನಲ್ಲಿ ‘ಫ’ ಎಂದೇ ಹೆಸರಿದೆ. ಆ ಅಕ್ಷರ ‘ಫ’ ಅಲ್ಲವೇ ಅಲ್ಲ, ಹಳಗನ್ನಡದ ‘ೞ’. ತಪ್ಪು ಹೆಸರು ಎಂದು ಅವರೇ ಒಪ್ಪಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ, ಹಾಗಾಗಿ ಅದು ಹಾಗೇ ಇದೆ. ಬೋರ್ಡಿನಲ್ಲಿ ಮಾತ್ರವಲ್ಲ, ಅಲ್ಲೂ ಹೀಗೇ.

ಚುಕ್ಕೆ ಇಲ್ಲದ ‘ಫ’ ಎಲ್ಲ ಕೆಲಸಕ್ಕೂ ಸಾಕು. ಆದರೆ ‘ಕಾಫಿ’ ಮತ್ತು ‘ಕಾಪಿ’ ನಡುವೆ ಹುಷಾರಾಗಿರಿ. ಹಿರಿಯರು ಕುಡಿಯುವುದು ‘ಕಾಪಿ’ಯೇ ಆದರೂ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ‘ಬಿಸಿ ಬಿಸಿ ಕಾಪಿ’ ಎಂದು ಬರೆಸಿದರೆ ಜನ ಕಾಗದ ಹಿಡಿದು ಬರುತ್ತಾರೆ. ‘ಝ’ ಬಳಸಿ ‘ಝೂ’, ‘ಝೆರಾಕ್ಸ್’ ಎನ್ನುವುದು ಕಣ್ಣಿಗೆ ಠೀವಿ. ಆದರೆ ‘ಝ’ ಎಂಬುದು ‘ಜ’ದ ಮಹಾಪ್ರಾಣ, ಝರಿಯದು. ಇಂಗ್ಲಿಷಿನ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. 1892ರಿಂದ ಇರುವ ನಮ್ಮ ಮೃಗಾಲಯವನ್ನು ಮೈಸೂರಿನವರು ಬಾಯಲ್ಲಿ ‘ಜೂ’ ಎಂದೇ ಅನ್ನುತ್ತಾರೆ. ನಾನು ಜಕಾರದ ಕಡೆ.

ಕರಡಿನಲ್ಲಿ ಮತ್ತೆ ಮತ್ತೆ ಸಿಗುವ ಕೆಲವು

‘ಪೊಲೀಸ್’ ವಿಷಯದಲ್ಲಿ ರಾಜಿ ಇಲ್ಲ. ‘ಪೊ’ ಹ್ರಸ್ವ, ‘ಲೀ’ ದೀರ್ಘ. ತಿರುಗಿ ‘ಪೋಲಿಸ್’ ಎಂದರೆ ಒಳಗೆ ‘ಪೋಲಿ’ ಕೂತುಬಿಡುತ್ತಾನೆ. ಉಳಿದೆಲ್ಲ ರೂಪಗಳಲ್ಲಿ ನಾನು ಹೊಂದಾಣಿಕೆ ಮಾಡಿಕೊಂಡೇನು, ಇದೊಂದನ್ನು ಮಾತ್ರ ಎಲ್ಲಿ ಕಂಡರೂ ಕೈ ತುರಿಸುತ್ತದೆ.

‘ಹೋಟೆಲ್’ ಮತ್ತು ‘ಹೊಟೇಲ್’ ಎರಡಕ್ಕೂ ನ್ಯಾಯವಿದೆ. ಇಂಗ್ಲಿಷಿನವರು ಎರಡನೆಯ ಅಕ್ಷರವನ್ನು ಒತ್ತುತ್ತಾರೆ, ಅದನ್ನು ಹಿಡಿದವರು ‘ಹೊಟೇಲ್’ ಎಂದರು. ನಮ್ಮ ಬಾಯಿ ಮೊದಲ ಅಕ್ಷರದ ಮೇಲೆ ಭಾರ ಹಾಕುತ್ತದೆ, ಅದು ‘ಹೋಟೆಲ್’. ಮೈಸೂರಿನಲ್ಲಿ ಅಂಗಡಿ ಇಡುವವರಿಗೆ ‘ಹೋಟೆಲ್’ ಎನ್ನುತ್ತೇನೆ. ‘ಹೋಟೇಲ್’ ಎಂದು ಎರಡೂ ಕಡೆ ಎಳೆಯುವುದು ಬೇಡ.

‘ಷ’ ಮತ್ತು ‘ಶ’: ಹಳೆಯ ಮುದ್ರಣದಲ್ಲಿ ಷರ್ಟು, ಷಾಪು, ಷೋ ಎಂದು ‘ಷ’ವೇ ಹೆಚ್ಚು. ಈಗ ಶರ್ಟ್, ಶೋ ಎಂದು ‘ಶ’ ಬಂದಿದೆ. ಆದರೆ ಸ್ಟೇಷನ್, ಕಮಿಷನ್, ಷೇರು ಮಾತ್ರ ‘ಷ’ವನ್ನೇ ಹಿಡಿದುಕೊಂಡಿವೆ. ಒಂದು ಅಂಗಡಿಗೆ ಹೆಸರಿಡುವಾಗ ‘ಶಾಪ್’ ಬದಲು ‘ಷಾಪ್’ ಎನ್ನುವ ಹಿರಿಯರಿದ್ದಾರೆ. ಯಾಕೆಂದು ಕೇಳಿದರೆ “ಅಂಗಡಿ ಬಾಗಿಲ ಮೇಲೆ ಶಾಪ ಯಾಕಪ್ಪ” ಅನ್ನುತ್ತಾರೆ. ಫೋಟೊ, ಫೋಟೋ, ಆಟೊ, ಆಟೋ: ಯಾವುದಾದರೂ ಸರಿ, ಒಂದೇ ಇರಲಿ. ‘ಸರ್’ ಮತ್ತು ‘ಸಾರ್’ ಹಾಗಲ್ಲ. ಕಾಗದದ ಮೇಲೆ ‘ಸರ್’, ಮಾತಿನಲ್ಲಿ ‘ಸಾರ್’. ‘ಸಾರು’ ಎಂದು ಬರೆದರೆ ಅನ್ನ ತರಬೇಕಾಗುತ್ತದೆ.

ಇಂಥದ್ದಕ್ಕೆಲ್ಲ ಅಂತಿಮ ತೀರ್ಪು ಕೊಡುವ ಕಚೇರಿ ಎಲ್ಲೂ ಇಲ್ಲ. ಪದ ಅಂದರೆ ಜೀವ ಬಿಡುತ್ತಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು, ಅವರ ಹೆಸರಿನ ಮೊದಲ ಅಕ್ಷರ ನಮ್ಮ ಶ್ರೀರಂಗಪಟ್ಟಣದ ಗಂಜಾಂನದು, ಪತ್ರಿಕೆಯ ಅಂಕಣದಲ್ಲಿ ಓದುಗರ ಪದಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. 2021ರಲ್ಲಿ ಅವರೂ ಹೋದರು, ನೂರೇಳು ವರ್ಷ ಬಾಳಿ. ಈಗ ನಮ್ಮ ನಮ್ಮ ಕಿವಿಯೇ ಗತಿ.

ದುಡ್ಡಿನ ಮಾತು

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ರಾಜ್ಯದಲ್ಲಿ ಬಂದ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಇದಾದ ಮೇಲೆ ಅನೇಕರು ಮಾಡಿದ್ದು ಇಷ್ಟೇ: ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಇಳಿಸಿದರು. ‘ಪ್ರಾವಿಜನ್ ಸ್ಟೋರ್ಸ್’, ‘ಪ್ರೊವಿಷನ್ ಸ್ಟೋರ್’, ‘ಪ್ರೋವಿಜನ್’ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತವೆ. ಇದಕ್ಕೆ ‘ದಿನಸಿ ಅಂಗಡಿ’ ಎಂದು ನಾಲ್ಕಾರು ಅಕ್ಷರದಲ್ಲಿ ಮುಗಿಸಿದ್ದರೆ ದುಡ್ಡೂ ಉಳಿಯುತ್ತಿತ್ತು, ಕಾಗುಣಿತದ ತಲೆಬಿಸಿಯೂ ಇರುತ್ತಿರಲಿಲ್ಲ.

ಬಣ್ಣದಲ್ಲಿ ಬರೆಸುವ ಬೋರ್ಡಿಗೆ, ಮುದ್ರಿಸುವ ಹಲಗೆಗೆ ಸಾಮಾನ್ಯವಾಗಿ ಚದರ ಅಡಿಯ ಲೆಕ್ಕ, ಒಂದು ಅಕ್ಷರ ಹೆಚ್ಚಾದರೂ ಕಡಿಮೆಯಾದರೂ ಬೆಲೆ ಅದೇ. ಅಲ್ಲಿ ಮನಸ್ಸಿಗೆ ಬಂದ ರೂಪ ಹಾಕಿಸಿ. ಸ್ಟೀಲ್ ಅಥವಾ ಅಕ್ರಿಲಿಕ್ ಅಕ್ಷರವಾದರೆ ಒಂದೊಂದಕ್ಕೂ ಎತ್ತರದ ಇಂಚಿನ ಲೆಕ್ಕ. ಒತ್ತು, ಅರ್ಕಾವೊತ್ತಿನ ಬಾಲ ಬೇರೆ ತುಂಡಾಗಿ ಕೂರುವುದೂ ಉಂಟು. ಮಳೆಗಾಲದಲ್ಲಿ ಮೊದಲು ಕಳಚಿ ಬೀಳುವುದೂ ಅದೇ. ನಾಲ್ಕು ವರ್ಷದ ಹಳೆಯ ಅಂಗಡಿಗಳ ಮುಂದೆ ನಿಂತು ನೋಡಿ, ‘ಸ್ಟೋರ್ಸ್’ ಎಂಬುದು ‘ಸೋಸ್’ ಆಗಿರುತ್ತದೆ. ಇನ್ನೊಂದು ಮರೆಯಬೇಡಿ, ಪರವಾನಗಿ, ಬ್ಯಾಂಕಿನ ಖಾತೆ, ರಬ್ಬರ್ ಮುದ್ರೆಯಲ್ಲಿ ಕನ್ನಡದ ಹೆಸರು ಈಗಾಗಲೇ ಇದ್ದರೆ ಅದೇ ಕಾಗುಣಿತ ಬೋರ್ಡಿಗೂ ಬರಲಿ. ಅದು ಹೊಟೇಲ್ ಆಗಿದ್ದರೂ ಸರಿಯೇ.

ಹೊಲಿಗೆಯವರಿಗೆ ನಾನು ಹೇಳಿದ್ದು: ‘ಟೇಲರ್’ ಬೇಡ, ರೂಢಿ ‘ಟೈಲರ್’ ಕಡೆಗಿದೆ. ‘ಲೇಡೀಸ್’ ಎಂದು ದೀರ್ಘ ಇರಲಿ. ಕೊನೆಯ ‘ಸ್’ ಹಾಕಿದರೆ ಅರ್ಕಾವೊತ್ತು ಬರುತ್ತದೆ, ಒಬ್ಬರೇ ಹೊಲಿಯುವ ಅಂಗಡಿಗೆ ಬಹುವಚನ ಯಾಕೆ? ಮಗಳು ಬರೆದದ್ದೇ ಸರಿ. ಸ್ಟೀಲ್ ಅಕ್ಷರಕ್ಕೆ ‘ಲೇಡೀಸ್ ಟೈಲರ್’, ಕೆಳಗೆ ಬಣ್ಣದಲ್ಲಿ ಸಣ್ಣದಾಗಿ ‘ರವಿಕೆ, ಲಂಗ, ಚೂಡಿದಾರ್ ಹೊಲಿದುಕೊಡಲಾಗುವುದು’. ‘ಬ್ಲೌಸ್’ ಎಂದು ಹಾಕೋಣ ಎಂದು ಮಗಳು ಹಟ ಮಾಡಿದಳು, ಅವಳ ವಯಸ್ಸಿನವರು ರವಿಕೆ ಎನ್ನುವುದಿಲ್ಲವಂತೆ. ಅದು ಬಣ್ಣದ ಬರಹ, ಆಮೇಲೆ ಬದಲಿಸಬಹುದು, ಹಾಕಿಸಿಕೊಳ್ಳಲಿ ಬಿಡಿ ಅಂದೆ.

ಹದಿನೈದು ದಿನ ಬಿಟ್ಟು ತಾಯಿ ಮಗಳು ಮತ್ತೆ ಬಂದರು. ಬೋರ್ಡ್ ಹತ್ತಿತ್ತು. ಈಗ ಗಿರಾಕಿಗೆ ಕೊಡುವ ಚೀಟಿಯ ಪುಸ್ತಕ ಅಚ್ಚು ಹಾಕಿಸಬೇಕಿತ್ತು. “ಮೇಲೆ ಏನು ಹಾಕ್ಸಲಿ ಸಾರ್? ಬಿಲ್ ಅಂತಲೋ ಬಿಲ್ಲು ಅಂತಲೋ?”

“ಎರಡೂ ಬೇಡ, ‘ರಸೀದಿ’ ಅಂತ ಹಾಕ್ಸಿ, ಜಗಳವೇ ಇರಲ್ಲ” ಅಂದೆ.

ಮಗಳು ಫೋನಿನಿಂದ ತಲೆ ಎತ್ತದೆ ಹೇಳಿದಳು: “ಅದು ಪಾರ್ಸಿ ಪದ ಸಾರ್.”